ಇಂಗ್ಲಿಷ್ ಸಾಹಿತ್ಯ ಓದುವವರು ಬರೆಯಲೂ ಬೇಕು
(ಹಾಸನದ ಕಾಲೇಜೊಂದರ ಇಂಗ್ಲಿಷ್ ವೇದಿಕೆಯ ಉದ್ಘಾಟನೆಯಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೇ, ಅಧ್ಯಾಪಕ ಮಿತ್ರರೇ, ಮುಖ್ಯವಾಗಿ ಆಪ್ಷನಲ್ ಇಂಗ್ಲಿಷ್ ತೆಗೆದುಕೊಂಡಿರುವ ಮಕ್ಕಳೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಇಂಗ್ಲಿಷ್ ಸಾಹಿತ್ಯ: ಓದು ಮತ್ತು ಅವಕಾಶಗಳು’ ಅಂತ ಹಾಕಿದ್ದಾರೆ. ಅವಕಾಶಗಳ ಬಗ್ಗೆ ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು, ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ಮಾತಿದೆ. ನಮ್ಮ ಬಿ.ಎ. ಹುಡುಗ ಹುಡುಗಿಯರು ಇಂಗ್ಲಿಷ್ ಸಾಹಿತ್ಯದ ಬಗ್ಗೆ ನೂರಾರು ಪುಟ ಬರೆಯುತ್ತಾರೆ. ಅಷ್ಟು ಪುಟಗಳಲ್ಲಿ ಇದು ನನ್ನದು ಅಂತ ಎದೆ ಮುಟ್ಟಿ ಹೇಳುವಂಥ ಒಂದು ವಾಕ್ಯ ಇರುವುದಿಲ್ಲ. ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ.

ಯಾಕೆ ಹೀಗೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಹತ್ತಿರ ಬಂತು ಅಂದರೆ ಝೆರಾಕ್ಸ್ ಅಂಗಡಿ ಮುಂದೆ ಜನ ಸೇರುತ್ತಾರೆ. ಸೀನಿಯರ್‌ಗಳ ನೋಟ್ಸ್, ಅದರ ಝೆರಾಕ್ಸ್, ಆ ಝೆರಾಕ್ಸಿನ ಝೆರಾಕ್ಸ್. ಅಕ್ಷರ ಅರ್ಧ ಅಳಿಸಿಹೋಗಿದ್ದರೂ ಬಾಯಿಪಾಠ ನಡೆಯುತ್ತದೆ. ಪೇಪರ್ ತಿದ್ದಲು ಕೂತವರನ್ನು ಕೇಳಿ, ಒಂದು ಕಟ್ಟಿನ ಉತ್ತರಗಳೆಲ್ಲ ಒಂದೇ ಸಾಲಿನಿಂದ ಶುರುವಾಗುತ್ತವೆ. ‘ಷೇಕ್ಸ್‌ಪಿಯರ್ ಜಗತ್ತಿನ ಶ್ರೇಷ್ಠ ನಾಟಕಕಾರ.’ ಸರಿಯಪ್ಪ, ಒಪ್ಪಿದೆ. ನಾಟಕ ಓದಿದಾಗ ನಿನಗೇನನ್ನಿಸಿತು? ಅದು ಎಲ್ಲೂ ಇರುವುದಿಲ್ಲ. ಈಗಂತೂ ಮೊಬೈಲಿಗೆ ಪ್ರಶ್ನೆ ಹಾಕಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅಸೈನ್‌ಮೆಂಟ್ ಸಿದ್ಧ. ವ್ಯಾಕರಣದಲ್ಲಿ ಒಂದು ತಪ್ಪು ಹುಡುಕಲು ಆಗುವುದಿಲ್ಲ. ಅದರೊಳಗೆ ಆಲೂರಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ ನೀವು ಮಾತ್ರ ಇರುವುದಿಲ್ಲ.

ಒಂದು ಕಥೆ ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿ ಯಾರಾದರೂ ಇದ್ದರೆ ಈಗಲೇ ನಗುತ್ತಿರುತ್ತಾರೆ, ಅವರಿಗೆಲ್ಲ ಇದು ಗೊತ್ತು. ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ ಪದ್ಯ ನಾವೆಲ್ಲ ಸ್ಕೂಲಿನಲ್ಲೇ ಓದಿದವರು. ಮೋಡದ ಹಾಗೆ ಒಬ್ಬನೇ ಅಲೆಯುತ್ತಿದ್ದೆ ಅಂತ ಶುರುವಾಗುತ್ತದೆ, ಅಲ್ವಾ? ಅವತ್ತು ಅವನು ಒಬ್ಬನೇ ಇರಲೇ ಇಲ್ಲ. ಪಕ್ಕದಲ್ಲಿ ತಂಗಿ ಡೊರೊಥಿ ಇದ್ದಳು. 1802ರ ಏಪ್ರಿಲ್ 15. ಉತ್ತರ ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಂಡೆ. ಜೋರು ಗಾಳಿ. ಇಬ್ಬರೂ ಊರ ಕಡೆ ನಡೆದು ಬರುತ್ತಿದ್ದಾರೆ. ಆ ಡ್ಯಾಫೊಡಿಲ್ ಹೂವುಗಳನ್ನು ನೋಡಿದ್ದು ಆಗ. ಅವತ್ತಿನದನ್ನು ಡೊರೊಥಿ ತನ್ನ ಡೈರಿಯಲ್ಲಿ ಬರೆದಿಟ್ಟಳು. ಮೊದಲು ನಾಲ್ಕೈದು ಹೂ ಕಂಡವು, ಮುಂದೆ ಹೋದಂತೆ ಜಾಸ್ತಿಯಾದವು, ಕೊನೆಗೆ ದಂಡೆಯುದ್ದಕ್ಕೂ ರಸ್ತೆಯಷ್ಟು ಅಗಲಕ್ಕೆ ಹಬ್ಬಿದ್ದವು. ಕೆಲವು ಸುಸ್ತಾಗಿ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದ್ದವು, ಉಳಿದವು ಗಾಳಿಯ ಜೊತೆ ಕುಣಿಯುತ್ತಾ ನಗುತ್ತಿದ್ದ ಹಾಗಿತ್ತು. ಹೀಗೆ ಹೋಗುತ್ತದೆ ಆಕೆಯ ಬರವಣಿಗೆ.

ಅಣ್ಣ ಪದ್ಯ ಬರೆದದ್ದು ಸುಮಾರು ಎರಡು ವರ್ಷ ಕಳೆದ ಮೇಲೆ. ಅಚ್ಚಾದದ್ದು 1807ರಲ್ಲಿ. ಪದ್ಯದ ಕೊನೆಯಲ್ಲಿ ಒಳಗಣ್ಣಿನ ಮಾತು ಬರುತ್ತದಲ್ಲ, ಆ ಎರಡು ಸಾಲು ಅವನ ಹೆಂಡತಿ ಮೇರಿಯವು. ಪದ್ಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ಸಾಲು ಅವೇ ಅಂತ ಅವನೇ ಹೇಳಿದ್ದಾನೆ. ಕವಿಯ ದೊಡ್ಡತನಕ್ಕೆ ಇದರಿಂದ ಏನೂ ಕಮ್ಮಿಯಾಗಲಿಲ್ಲ. ಆದರೆ ನಾನು ನಿಮಗೆ ತೋರಿಸಬೇಕು ಅಂದುಕೊಂಡಿರುವುದು ಡೊರೊಥಿಯನ್ನು. ಆಕೆಗೆ ಪರೀಕ್ಷೆ ಇರಲಿಲ್ಲ. ಪುಸ್ತಕ ಮಾಡಬೇಕು ಅನ್ನುವ ಯೋಚನೆಯೂ ಇರಲಿಲ್ಲ. ಅಣ್ಣನಿಗೆ ಖುಷಿಯಾಗುತ್ತದೆ ಅಂತ ಡೈರಿ ಶುರು ಮಾಡಿದವಳು. ಬ್ರೆಡ್ ಮಾಡಿದ್ದು, ಬಟ್ಟೆ ಒಗೆದದ್ದು, ಬಾಗಿಲಿಗೆ ಬಂದ ಭಿಕ್ಷುಕರು, ತಲೆನೋವು, ಎಲ್ಲ ಅದರಲ್ಲಿದೆ. ಅವಳು ತೀರಿಕೊಂಡು ನಲವತ್ತು ವರ್ಷ ಕಳೆದ ಮೇಲೆ ಅವಳ ಡೈರಿಗಳು ಪುಸ್ತಕವಾಗಿ ಬಂದವು. ಇವತ್ತು ಆ ಪದ್ಯದ ಪಾಠ ಮಾಡುವವರು ಆ ಪುಟವನ್ನೂ ತೆಗೆದು ನೋಡುತ್ತಾರೆ.

ಈಗ ನಮ್ಮ ಕಡೆ ಬನ್ನಿ. ಸಕಲೇಶಪುರದ ಕಡೆಯವರು ಕೈ ಎತ್ತಿ. ನೋಡಿ, ಎಷ್ಟು ಜನ ಇದ್ದೀರಿ! ಮಾರ್ಚಿನಲ್ಲಿ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ವಾಸನೆ ರಸ್ತೆವರೆಗೂ ಬರುತ್ತದೆ. ನಾಲ್ಕು ದಿನ ಅಷ್ಟೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೀವು ಕಣ್ಣಾರೆ ನೋಡದ ಡ್ಯಾಫೊಡಿಲ್ ಬಗ್ಗೆ ಎರಡು ಪುಟ ಬರೆಯುತ್ತೀರಿ. ಹುಟ್ಟಿದಾಗಿನಿಂದ ನೋಡುತ್ತಿರುವ ಕಾಫಿ ಹೂವಿನ ಬಗ್ಗೆ ಒಂದು ಸಾಲು ಬರೆದಿದ್ದೀರಾ? ಅರಕಲಗೂಡಿನವರು ತಂಬಾಕು ಒಣಗಿಸುವ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವ ಅಪ್ಪನನ್ನು ನೋಡಿದ್ದೀರಿ. ಆಲೂಗಡ್ಡೆಗೆ ಅಂಗಮಾರಿ ಬಂದು ಹೊಲ ಕರಟಿಹೋದದ್ದನ್ನು ನೋಡಿದ್ದೀರಿ. ಸಂಜೆ ಆನೆ ಬಂದಿದೆ ಅಂತ ಫೋನ್ ಬಂದರೆ ಮನೆಯಲ್ಲಿ ಎಲ್ಲರ ದನಿ ಹೇಗೆ ಬದಲಾಗುತ್ತದೆ ಅಂತ ನಿಮಗೆ ಗೊತ್ತು. ಇದನ್ನು ನಿಮಗಿಂತ ಚೆನ್ನಾಗಿ ಬರೆಯುವವರು ಯಾರು?

ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಸಾರ್ ಬರೆಯುವುದು ಅಂತ ಕೇಳುತ್ತೀರಿ. ಅದಕ್ಕೆ ಉತ್ತರ ಇದೇ ಊರಿನಲ್ಲಿ ಹುಟ್ಟಿದೆ. ರಾಜಾ ರಾವ್ ಅವರು 1908ರಲ್ಲಿ ಹುಟ್ಟಿದ್ದು ನಮ್ಮ ಹಾಸನದಲ್ಲಿ. ತಂದೆ ಹೈದರಾಬಾದಿನಲ್ಲಿ ಕನ್ನಡ ಮೇಷ್ಟ್ರು. ಮಗ 1929ರಲ್ಲಿ ಓದಲು ಫ್ರಾನ್ಸಿಗೆ ಹೋದರು. ಅಲ್ಲಿಂದಲೂ ಕನ್ನಡದಲ್ಲಿ ‘ಜಯ ಕರ್ನಾಟಕ’ ಪತ್ರಿಕೆಗೆ ಬರೆದರು. 1938ರಲ್ಲಿ ಅವರ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ ಬಂತು. ಕಥೆ ಹೇಳುವವರು ಯಾರು? ಅಚ್ಚಕ್ಕ ಅನ್ನುವ ಹಳ್ಳಿಯ ಅಜ್ಜಿ. ಜಗಲಿ ಮೇಲೆ ಕೂತು ನಮ್ಮಜ್ಜಿ ಹೇಗೆ ಒಂದರಿಂದ ಇನ್ನೊಂದಕ್ಕೆ ಹಾರಿ, ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದಳೋ ಹಾಗೇ ಇದೆ ಆ ಇಂಗ್ಲಿಷ್. ಊರ ಪಕ್ಕ ಹರಿಯುವ ಹೊಳೆ ಹಿಮವತಿ. ಊರ ದೇವತೆ ಕೆಂಚಮ್ಮ. ಕೆಂಚಮ್ಮನ ಹೊಸಕೋಟೆಯವರಿಗೆ ಕೆಂಚಮ್ಮ ಯಾರು ಅಂತ ನಾನು ಹೇಳಬೇಕೇ? ಎಷ್ಟೇ ಬಡ ಹಳ್ಳಿಯಾದರೂ ಅದಕ್ಕೆ ತನ್ನದೇ ಸ್ಥಳಪುರಾಣ ಇರುತ್ತದೆ ಅಂತ ಅವರು ಮುನ್ನುಡಿಯಲ್ಲಿ ಬರೆದಿದ್ದಾರೆ. ಆ ಮುನ್ನುಡಿ ತೀರಾ ಚಿಕ್ಕದು. ಸಿಲಬಸ್ಸಿನಲ್ಲಿ ಇರಲಿ ಬಿಡಲಿ, ಇವತ್ತೇ ಓದಿ. ಗೈಡಿನಲ್ಲಿ ಅದರ ಸಾರಾಂಶ ಸಿಕ್ಕರೆ ಅದನ್ನು ಬದಿಗಿಡಿ.

ತಪ್ಪಾಗುತ್ತದೆ ಅನ್ನುವ ಭಯ ನಿಮ್ಮದು. ಆಗಲಿ ಬಿಡಿ. ಆರ್.ಕೆ. ನಾರಾಯಣ್ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾದವರು. ಆ ವರ್ಷವೆಲ್ಲ ಮೈಸೂರಿನಲ್ಲಿ ಓದುತ್ತಾ ಬರೆಯುತ್ತಾ ಕಳೆದರು. ಮುಂದಿನದು ನಿಮಗೆ ಗೊತ್ತು. ಇಂಗ್ಲಿಷಿನಲ್ಲಿ ಕೈ ಓಡದಿದ್ದರೆ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಕಾವ್ಯ ಓದಿ ಕನ್ನಡಕ್ಕೆ ಹೊಸ ದಾರಿ ಮಾಡಿಕೊಟ್ಟ ಬಿ.ಎಂ.ಶ್ರೀ ಅವರೂ ಇಂಗ್ಲಿಷ್ ಮೇಷ್ಟ್ರೇ. ಯಾವ ಭಾಷೆಯಾದರೂ ಸರಿ, ಪದ್ಯ ಓದಿದ ದಿನ ಗೈಡ್ ತೆರೆಯುವ ಮುಂಚೆ ಐದು ಸಾಲು ಬರೆಯಿರಿ. ಅರ್ಥವಾಗಲಿಲ್ಲ ಅಂದರೆ ಎಲ್ಲಿ ಅರ್ಥವಾಗಲಿಲ್ಲ ಅಂತ ಬರೆಯಿರಿ.

ಚೀಟಿ ಬಂತು. ಊಟದ ಹೊತ್ತಾಯಿತಂತೆ. ಕಾದಂಬರಿ ಓದುವ ಬಗ್ಗೆ, ನಾಟಕವನ್ನು ಗಟ್ಟಿಯಾಗಿ ಓದುವ ಬಗ್ಗೆ ಬರೆದುಕೊಂಡು ಬಂದಿದ್ದೆ, ಅದು ಇನ್ನೊಮ್ಮೆ. ಅವಕಾಶಗಳು ಅಂದೆನಲ್ಲ: ಬಿ.ಎಡ್. ಮಾಡಿ ಮೇಷ್ಟ್ರಾಗಬಹುದು, ಎಂ.ಎ. ಮಾಡಬಹುದು, ಅನುವಾದ ಇದೆ, ಪತ್ರಿಕೆ ಇದೆ, ಜಾಹೀರಾತು ಇದೆ, ಸ್ಪರ್ಧಾತ್ಮಕ ಪರೀಕ್ಷೆಗಳಿವೆ. ಸ್ವಂತ ವಾಕ್ಯ ಬರೆಯುವವರಿಗೆ ಇವೆಲ್ಲದರಲ್ಲೂ ಕೆಲಸ ಸುಲಭ. ಇದಕ್ಕಿಂತ ಹೆಚ್ಚು ಈಗ ಹೇಳಲು ಸಮಯವಿಲ್ಲ.

ವಿಭಾಗದ ಅಧ್ಯಾಪಕರಲ್ಲಿ ಒಂದು ಕೋರಿಕೆ. ಈ ವೇದಿಕೆಯ ಮೊದಲ ಕೆಲಸವಾಗಿ ಒಂದು ಗೋಡೆ ಪತ್ರಿಕೆ ಶುರು ಮಾಡಿ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ಗೀಚದೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದು ಕೊಡಿ. ಮಕ್ಕಳೇ, ಮೊದಲ ಪುಟಕ್ಕೆ ಯಾರು ಬರೆದು ಕೊಡುತ್ತೀರಿ? ಹಿಂದಿನ ಬೆಂಚಿನಲ್ಲಿ ಯಾರೋ ಕೈ ಎತ್ತಿದರಲ್ಲ, ಎದ್ದು ನಿಂತು ಹೆಸರು ಹೇಳಮ್ಮ.