ನನಗೆಂದೇ ತೆಗೆದ ಸೀರೆ

ಎಲ್ಲರಿಗೂ ನಮಸ್ಕಾರ. ವಯಸ್ಸು ಮತ್ತು ಉಡುಗೆಯ ಬಗ್ಗೆ ಮಾತನಾಡಬೇಕೆಂದು ನೀವು ಕೇಳಿದಾಗ ನನಗೆ ಮೊದಲು ನೆನಪಾದದ್ದು ಚಿಕ್ಕಪೇಟೆಯ ಒಂದು ಸೀರೆ ಅಂಗಡಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಸೋದರತ್ತೆಗೆ ಆಗ 71 ವರ್ಷ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಅವರು ಯಾರ ಕಾರಿಗೂ ಕಾಯದೆ ಪೇಟೆಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡಿದ್ದರು. ಆ ದಿನ ನಾನೂ ಜೊತೆಗಿದ್ದೆ. ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕುಳಿತೆವು. ಅಂಗಡಿಯ ಹುಡುಗ ಅತ್ತೆಯ ನರೆತ ತಲೆ ನೋಡಿ, ಏನೂ ಕೇಳದೆ ಬೂದಿ, ತಿಳಿಗಂದು, ಕೆನೆ ಬಣ್ಣದ ಸೀರೆಗಳನ್ನು ಹರಡಿದ. ಅತ್ತೆ ಅವನ್ನು ಮುಟ್ಟಲಿಲ್ಲ. ಮೇಲಿನ ಸಾಲಿನಲ್ಲಿದ್ದ ಕುಂಕುಮ ಕೆಂಪಿನ ಇಳಕಲ್ ಸೀರೆಯತ್ತ ಕೈ ತೋರಿಸಿದರು.

"ಸೊಸೆಗಾ ಅಜ್ಜಿ?"

"ನನಗಪ್ಪಾ."

ಹುಡುಗ ಸೀರೆ ಬಿಚ್ಚಿದ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸಿ ನೇಯುತ್ತಾರೆ. ಅದಕ್ಕೆ ಟೋಪ್ ತೆನಿ ಎಂದು ಹೆಸರು. ಅತ್ತೆ ಕನ್ನಡಕ ತೆಗೆದು, ಹತ್ತಿ ಮುಗಿದು ರೇಷ್ಮೆ ಶುರುವಾಗುವ ಆ ಗೆರೆಯ ಮೇಲೆ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಆಡಿಸಿದರು. "ಇದು ಕೈಮಗ್ಗದ್ದೇ" ಎಂದರು. ಬೆಲೆ ಕೇಳಿದ್ದು ಆಮೇಲೆ.

ಮಾವ ತೀರಿಕೊಂಡ ಮೇಲಿನ ಹನ್ನೊಂದು ವರ್ಷ ಅವರು ಉಟ್ಟದ್ದು ಆ ಹುಡುಗ ಹರಡಿದಂತಹ ಬಣ್ಣಗಳನ್ನೇ. ಹಾಗೆ ಉಡಬೇಕೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹಬ್ಬಕ್ಕೆ ತಂದುಕೊಡುತ್ತಿದ್ದ ಸೀರೆಗಳೇ ಹಾಗಿರುತ್ತಿದ್ದವು. ತಂದುಕೊಟ್ಟವರಲ್ಲಿ ನಾನೂ ಒಬ್ಬಳು ಎಂಬುದು ಆ ಗಾದಿಯ ಮೇಲೆ ಕುಳಿತಾಗ ನನಗೆ ಹೊಳೆಯಿತು, ನೋವಾಯಿತು.

ಈ 'ತಿಳಿಬಣ್ಣ'ದ ನಿಯಮ ಎಲ್ಲಿಂದ ಬಂತು? ನಮ್ಮ ಮುತ್ತಜ್ಜಿಯರ ಕಾಲದ ಬ್ರಾಹ್ಮಣರ ಮನೆಗಳನ್ನು ನೆನೆಯಿರಿ. ಗಂಡ ಸತ್ತವಳ ತಲೆ ಬೋಳಿಸಿ, ಕುಂಕುಮ, ಹೂವು, ಬಳೆ ತೆಗೆಸಿ, ರವಿಕೆಯೂ ಇಲ್ಲದೆ ಒಂದು ಕೆಂಪು ಮಡಿ ಸೀರೆ ಉಡಿಸುತ್ತಿದ್ದರು. ಗಮನಿಸಿ, ಅಲ್ಲಿ ಶಿಕ್ಷೆಯ ಬಣ್ಣ ಕೆಂಪು. ಬೇರೆ ಎಷ್ಟೋ ಕಡೆ ಅದು ಬಿಳಿ. ಅಂದರೆ ದೋಷ ಬಣ್ಣದ್ದಲ್ಲ, ಬೇರೆಯವರು ಉಡಿಸಿದ್ದರದ್ದು. ತಲೆ ಬೋಳಿಸುವುದು ನಿಂತಿತು, ಆದರೆ 'ಈ ವಯಸ್ಸಿನಲ್ಲಿ ಇವಳಿಗೇಕೆ ಸಿಂಗಾರ' ಎಂಬ ಮಾತು ಉಳಿಯಿತು. ಗಂಡ ಇರುವವರಿಗೂ ಅಂಟಿಕೊಂಡಿತು. ಇದು ಹೆಚ್ಚಾಗಿ ನಮ್ಮಂತಹ ಮಧ್ಯಮ ವರ್ಗದ ಮನೆಗಳ ಕಾಯಿಲೆ ಎಂದು ನನ್ನ ಅನಿಸಿಕೆ. ಗಾಂಧಿ ಬಜಾರಿನಲ್ಲಿ ಮೊಳ ಹಾಕಿ ಹೂವು ಮಾರುವ ಅಜ್ಜಿಯರನ್ನು ನೋಡಿ: ಗಿಣಿ ಹಸಿರು ಸೀರೆ, ಬೇರೆ ಬಣ್ಣದ ರವಿಕೆ, ಮೂಗುಬೊಟ್ಟು, ಬುಟ್ಟಿಯಿಂದಲೇ ಕಿತ್ತು ಮುಡಿದ ಕನಕಾಂಬರ. ಅವರು ಯಾರ ಅಪ್ಪಣೆಗೂ ಕಾದವರಲ್ಲ.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಚಿಕ್ಕಂದಿನಲ್ಲೇ ವಿಧವೆಯಾದವರು. ಮರುಮದುವೆಯಾದರು, ಜೈಲಿಗೆ ಹೋದರು, ಸ್ವಾತಂತ್ರ್ಯದ ನಂತರ ಕರಕುಶಲ ಮಂಡಳಿಯನ್ನು ಮುನ್ನಡೆಸಿ ದೇಶದ ಕುಶಲಕರ್ಮಿಗಳ ಬೆನ್ನಿಗೆ ನಿಂತರು. ಸಂಪ್ರದಾಯ ಯಾರಿಂದ ಬಣ್ಣವನ್ನು ಕಿತ್ತುಕೊಳ್ಳಲು ಹೊರಟಿತ್ತೋ ಅವರೇ ಈ ದೇಶದ ನೂಲು, ಬಣ್ಣಗಳನ್ನು ಕಾಪಾಡಿದರು ಎಂಬುದು ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ. ಈಚಿನವರಲ್ಲಿ ಗಾಯಕಿ ಉಷಾ ಉತ್ತುಪ್ ಅವರಿದ್ದಾರೆ, 1947ರಲ್ಲಿ ಹುಟ್ಟಿದವರು. ಕಾಂಜೀವರಂ ಸೀರೆ, ದೊಡ್ಡ ಬೊಟ್ಟು, ಕಾಲಿಗೆ ಸೀರೆಯ ಅಂಚು ಹೊಲಿಸಿದ ಬೂಟು. ಉಡುಗೆ ತೊಡುಗೆಗೇ ಹೆಸರಾಗಿದ್ದ ನ್ಯೂಯಾರ್ಕಿನ ಐರಿಸ್ ಆಪ್ಫೆಲ್ ಮಾಡೆಲಿಂಗ್ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡದ್ದು 97ನೆಯ ವಯಸ್ಸಿನಲ್ಲಿ.

ಇಂಥವರನ್ನು 'ವಯಸ್ಸೇ ಕಾಣದವರು' ಎಂದು ಹೊಗಳುವುದುಂಟು. ನನಗೆ ಆ ಹೊಗಳಿಕೆ ಹಿಡಿಸುವುದಿಲ್ಲ. ವಯಸ್ಸು ಕಾಣಲಿ. ನಾನು ಇಪ್ಪತ್ತು ವರ್ಷ ಕೂದಲಿಗೆ ಬಣ್ಣ ಹಚ್ಚಿದೆ. ನೆತ್ತಿ ಉರಿಯುತ್ತಿತ್ತು, ಆದರೂ ಮೂರು ವಾರಕ್ಕೊಮ್ಮೆ ಹಚ್ಚುತ್ತಿದ್ದೆ. ಕಚೇರಿಯಲ್ಲಿ ಬಿಳಿಗೂದಲಿನ ಗಂಡಸು ಅನುಭವಿ, ಹೆಂಗಸು ಮುದುಕಿ. ನಿವೃತ್ತಿಯ ಮರುದಿನ ನಿಲ್ಲಿಸಿದೆ. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರಿನಷ್ಟು. ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು, ಅಂಚು ಸೀರೆಯ ಹಾಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಾಡಿದೆ. ಹುಷಾರಿಲ್ಲವೇ ಎಂದು ಎಷ್ಟೋ ಜನ ಕೇಳಿದರು. ಈಗ ಈ ಬೆಳ್ಳಿಗೂದಲಿಗೆ ಬದನೆಕಾಯಿ ಬಣ್ಣ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ನನಗೆ ಗೊತ್ತಾಗಿದೆ. ಕಪ್ಪು ಕೂದಲಿದ್ದಾಗ ಅದು ಒಪ್ಪುತ್ತಿರಲಿಲ್ಲ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯಿದೆ. ನಮ್ಮ ಮನೆಯ ಹೆಂಗಸರಿಗೆ ಎರಡೂ ಪರರಿಚ್ಛೆಯೇ ಆಗಿತ್ತು. ಅತ್ತೆಯ ಲಂಗ ದಾವಣಿಯನ್ನು ತಂದೆ ತಂದರು, ಧಾರೆ ಸೀರೆಯನ್ನು ಹಿರಿಯರು ಆರಿಸಿದರು, ಗೌರಿಹಬ್ಬದ ಸೀರೆ ತವರಿನಿಂದ ಬಂತು, ಆಮೇಲಿನದ್ದನ್ನು ನಾವು ತಂದುಕೊಟ್ಟೆವು. ಹಾಗಾಗಿ 71ರಲ್ಲಿ ಅವರು ಹೊಸ ಅವತಾರ ತಾಳಿದರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತನಗೇನು ಇಷ್ಟ ಎಂದು ಅವರು ಮೊದಲ ಬಾರಿಗೆ ಹೇಳಿದ್ದು ಅಂದು. ಕೆನೆ ಬಣ್ಣವೇ ಇಷ್ಟ ಎನ್ನುವವರಿದ್ದರೆ ಅದೂ ಚೆಂದವೇ. ಕೈ ತೋರಿಸಿ ಕೇಳಿದ್ದು ನೀವಾಗಿರಬೇಕು, ಅಷ್ಟೆ.

ಆ ಇಳಕಲ್ ಸೀರೆಯನ್ನು ಇಂದು ತಂದಿದ್ದೇನೆ. ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ, ಸೆರಗು ಕೂಡುವ ಕಡೆ ಬೆರಳಾಡಿಸಿ ನೋಡಿ. ನಾಳೆ ಅತ್ತೆಗೆ ಮದುವೆಮನೆಗೆ ಹೋಗುವುದಿದೆ, ಸಂಜೆಯೊಳಗೆ ಸೀರೆ ವಾಪಸ್ ಬರಬೇಕೆಂದು ಹೇಳಿ ಕಳಿಸಿದ್ದಾರೆ.