ವೈರು ಕಡಿದ ಇಲಿ, ಜೊತೆ ಬಿಡದ ವೋಲ್

ಇಲಿಗೆ ಬೋನು ಹೇಗೆ ಇಟ್ಟೆ ಎಂಬುದು ಈ ವಿಡಿಯೊದಲ್ಲಿ ಕಾಣುತ್ತಿದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಕ್ಕೆಗೆ ಸಿಕ್ಕಿಸಿರುವುದು ಒಣಕೊಬ್ಬರಿ ಚೂರು. ಊರು ಕೋಲಾರ, ಮನೆ ದೊಡ್ಡಮ್ಮನದು. ಬೋನು ಇಡಬೇಕಾಗಿ ಬಂದ ಕಾರಣ ಇಗೋ, ಕಾರಿನ ಬಾನೆಟ್ ಒಳಗಿದೆ.

ಹಸಿರು ವೈರಿನ ಮೈ ಸುಲಿದು ತಾಮ್ರ ಹೊಳೆಯುತ್ತಿದೆ, ಅಂಚಿನಲ್ಲಿ ಜೋಡಿ ಜೋಡಿಯಾಗಿ ಹಲ್ಲಿನ ಗೀರು. ಬ್ಯಾಟರಿಯ ಪಕ್ಕ ಗೋಣಿನಾರು, ರಾಗಿ ಹೊಟ್ಟು, ಯಾವುದೋ ಹಳೆಯ ಸೀರೆಯ ತುಂಡು. ರಾತ್ರೋರಾತ್ರಿ ಸಂಸಾರ ಹೂಡಿದೆ. ಮೆಕ್ಯಾನಿಕ್ ಫೋನಿನಲ್ಲಿ 500 ರೂಪಾಯಿ ಎಂದರು. ಬಂದು ಬಗ್ಗಿ ನೋಡಿ 1,800 ಎಂದರು. ಕೆಲಸ ಮುಗಿದ ಮೇಲೆ 2,600. ಕೇಳಿದರೆ ಬಂದುಹೋಗುವ ಖರ್ಚು ಬೇರೆಯಂತೆ, ಸೆನ್ಸರ್ ಪರೀಕ್ಷೆ ಬೇರೆಯಂತೆ. ಅದನ್ನೂ ನುಂಗಿಕೊಳ್ಳಬಹುದು. ಇನ್ಸುಲೇಷನ್ ಟೇಪಿನ ಇಡೀ ಸುರುಳಿಗೆ ದುಡ್ಡು ಹಾಕಿ, ನಾಲ್ಕು ಬೆರಳಷ್ಟು ಸುತ್ತಿ, ಮಿಕ್ಕಿದ್ದನ್ನು ತಮ್ಮ ಚೀಲಕ್ಕೆ ಸೇರಿಸಿಕೊಂಡರಲ್ಲ, ಅದು ಮಾತ್ರ ಗಂಟಲಿಗಿಳಿಯುತ್ತಿಲ್ಲ. ದುಡ್ಡು ನನ್ನದಾದ ಮೇಲೆ ಟೇಪೂ ನನ್ನದೇ ತಾನೇ? ದೊಡ್ಡಮ್ಮ ಅವರಿಗೆ ಕಾಫಿ, ಜೊತೆಗೆ ಎರಡು ಕೋಡುಬಳೆ ಕೊಟ್ಟರು. ಅದಕ್ಕೆ ಯಾರೂ ಬಿಲ್ಲು ಬರೆಯಲಿಲ್ಲ.

ಇರಲಿ. ಇಲಿಯ ಮೇಲಿನ ಈ ಸಿಟ್ಟಿನಲ್ಲೇ ಅದರ ದೂರದ ನೆಂಟನ ವಿಷಯ ಹೇಳಿಬಿಡುತ್ತೇನೆ. ಪ್ರೇರಿ ವೋಲ್ ಎಂಬ ಪ್ರಾಣಿ. ಉತ್ತರ ಅಮೆರಿಕದ ಹುಲ್ಲುಗಾವಲಿನದು, ಮೊಂಡು ಮೂತಿ, ಗಿಡ್ಡ ಬಾಲ, ಅಂಗೈಯಲ್ಲಿ ಹಿಡಿಸುವ ಗಾತ್ರ. 1970ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಲೋವೆಲ್ ಗೆಟ್ಜ್ ಇವುಗಳ ಸಂಖ್ಯೆ ತಿಳಿಯಲು ಬೋನು ಇಡುತ್ತಿದ್ದರು. ಅದೇ ಗಂಡು, ಅದೇ ಹೆಣ್ಣು, ಮತ್ತೆ ಮತ್ತೆ ಒಟ್ಟಿಗೇ ಸಿಕ್ಕಿಬೀಳತೊಡಗಿದವು. ಒಮ್ಮೆ ಕೂಡಿದ ಮೇಲೆ ಗೂಡು ಒಂದೇ, ಮರಿ ಸಾಕುವುದರಲ್ಲಿ ಗಂಡಿನದೂ ಪಾಲು. ಸಸ್ತನಿಗಳಲ್ಲಿ ಹೀಗೆ ಬಾಳುವ ಜಾತಿಗಳು ಹತ್ತರಲ್ಲಿ ಒಂದೂ ಇಲ್ಲ.

ಈ ಹಾಲಿನ ಕ್ಯಾನುಗಳ ದೃಶ್ಯ ಸುಮ್ಮನೆ ಹಾಕಿದ್ದಲ್ಲ. ವೋಲ್‌ಗಳ ಸುದ್ದಿ ಬಂದಾಗಲೆಲ್ಲ ಆಕ್ಸಿಟೋಸಿನ್ ಹೆಸರು ಬರುತ್ತದೆ, ಪ್ರೀತಿಯ ಹಾರ್ಮೋನ್ ಎಂಬ ಬಿರುದಿನೊಂದಿಗೆ. ಹಸು ಕಟ್ಟಿದವರ ಮುಂದೆ ಈ ಬಿರುದು ನಡೆಯುವುದಿಲ್ಲ. ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ಹಸು ಹಾಲಿಳಿಸುವುದು ಇದೇ ಆಕ್ಸಿಟೋಸಿನ್‌ನಿಂದ. ಕರುವಿಲ್ಲದೆಯೇ ಕರೆಯಲು ಕಳ್ಳತನದಲ್ಲಿ ಚುಚ್ಚುವ ಇಂಜೆಕ್ಷನ್ನೂ ಇದೇ. ಆ ದುರ್ಬಳಕೆ ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳ ತಯಾರಿಕೆಯನ್ನು ನಿಲ್ಲಿಸಲು ಆದೇಶಿಸಿ ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯಾಟಿಕ್ಸ್‌ಗೆ ಮಾತ್ರ ಬಿಟ್ಟುಕೊಟ್ಟಿತ್ತು. ಆ ವರ್ಷದ ಕೊನೆಯಲ್ಲೇ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸಲು ಅದೇ ಔಷಧಿ ಬೇಕಲ್ಲ. ಎಲ್ಲಿಂದ ಎಲ್ಲಿಗೆ ಹೋದೆ, ಕಾರು ಆಗಲೇ ಬೆಟ್ಟದ ಬುಡಕ್ಕೆ ಬಂದಿದೆ.

ಇದು ಅಂತರಗಂಗೆ. ಮೆಟ್ಟಿಲು ಹತ್ತುತ್ತಾ ಮಾತಾಡುತ್ತಿದ್ದೇನೆ, ಏದುಸಿರಿಗೆ ಕ್ಷಮೆಯಿರಲಿ. ಆಕ್ಸಿಟೋಸಿನ್ ಪ್ರೇರಿ ವೋಲ್‌ಗೂ ಉಂಟು, ಜೋಡಿ ಕಟ್ಟದ ಬೆಟ್ಟದ ವೋಲ್‌ಗೂ ಉಂಟು. ಅದನ್ನು ಹಿಡಿದುಕೊಳ್ಳುವ ಜೀವಕೋಶದ ಕೊಂಡಿಗಳು, ಅಂದರೆ ಗ್ರಾಹಕಗಳು, ಮಿದುಳಿನಲ್ಲಿ ಎಲ್ಲಿವೆ ಎಂಬುದರಲ್ಲಿ ವ್ಯತ್ಯಾಸ. ಪ್ರೇರಿ ವೋಲ್‌ಗೆ ಅವು ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬಲ್ಲಿ ದಟ್ಟವಾಗಿವೆ. ಮಿದುಳಿಗೆ ಸುಖದ ರುಚಿ ಹತ್ತಿಸುವ ಜಾಗ ಅದು, ಡೋಪಮೈನ್ ಎಂಬ ರಾಸಾಯನಿಕ ಸುರಿಯುವ ಜಾಗ. ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ: ಮಳೆ ಎಲ್ಲ ಊರಿಗೂ ಬರುತ್ತದೆ, ನೀರು ನಿಲ್ಲುವುದು ಕೆರೆ ಇದ್ದಲ್ಲಿ. 2004ರಲ್ಲಿ ವಿಜ್ಞಾನಿ ಲ್ಯಾರಿ ಯಂಗ್ ಅವರ ತಂಡ, ಒಂದೇ ಹೆಣ್ಣಿಗೆ ನಿಲ್ಲದ ಮೆಡೋ ವೋಲ್ ಗಂಡುಗಳ ಮಿದುಳಿನೊಳಕ್ಕೆ ವೈರಸ್ ಮೂಲಕ ವ್ಯಾಸೊಪ್ರೆಸಿನ್ ಎಂಬ ಇನ್ನೊಂದು ಹಾರ್ಮೋನಿನ ಗ್ರಾಹಕದ ಜೀನ್ ಕಳುಹಿಸಿತು. ಅಲೆಮಾರಿಗಳು ಜೊತೆಗಾತಿಯ ಮಗ್ಗುಲು ಹಿಡಿದು ಕುಳಿತವು. ಇದನ್ನು ಓದಿದಾಗ ಮೈ ಉರಿಯಿತು. ಒಂದು ಜೀನ್ ಸೇರಿಸಿದರೆ ನಿಷ್ಠೆ ಬರುವುದಾದರೆ ಮನುಷ್ಯರು ಜಾತಕ ಏಕೆ ನೋಡಬೇಕು?

ಆದರೆ ಪ್ರೇರಿ ವೋಲೂ ಅಷ್ಟೇನೂ ಸಂತನಲ್ಲ. ಗೂಡು ಒಂದೇ ಆದರೂ ಕೆಲವು ಮರಿಗಳ ತಂದೆ ಬೇರೆ. ಇನ್ನೊಂದು ಮುಖವೂ ಇದೆ: ಜೋಡಿ ಕೂಡುವ ಹೊತ್ತಿನಲ್ಲಿ ಡೋಪಮೈನ್ ಡಿ2 ಎಂಬ ಗ್ರಾಹಕದ ಮೂಲಕ ಕೆಲಸ ಮಾಡುತ್ತದೆ, ಜೋಡಿ ಗಟ್ಟಿಯಾದ ಮೇಲೆ ಗಂಡಿನಲ್ಲಿ ಡಿ1 ಗ್ರಾಹಕಗಳು ಹೆಚ್ಚುತ್ತವೆ. ಆಗ ಅಪರಿಚಿತ ಹೆಣ್ಣು ಹತ್ತಿರ ಸುಳಿದರೂ ಅವನು ಕಚ್ಚಲು ಹೋಗುತ್ತಾನೆ. ಸಂಗಾತಿಯ ಮೇಲಿನ ಮೋಹಕ್ಕೂ ಹೊರಗಿನವರ ಮೇಲಿನ ಸಿಟ್ಟಿಗೂ ರಸಾಯನ ಒಂದೇ. ಇದನ್ನು ಲಗ್ನಪತ್ರಿಕೆಯಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ.

ತಡೆಯಿರಿ, ಕೋತಿ. ಬಾಳೆಹಣ್ಣು ಹೋಯಿತು. ಹೋಗಲಿ.

2023ರಲ್ಲಿ ಇನ್ನೊಂದು ಮಜಾ ಆಯಿತು. ಆಕ್ಸಿಟೋಸಿನ್ ಗ್ರಾಹಕವೇ ಇಲ್ಲದಂತೆ ಜೀನ್ ಕತ್ತರಿಸಿ ಹುಟ್ಟಿಸಿದ ವೋಲ್‌ಗಳೂ ಜೋಡಿ ಕಟ್ಟಿದವು. ಬಿರುದು ಅಲ್ಲಿಗೆ ಮುಗಿಯಿತು. ಸಂಬಂಧಕ್ಕೆ ಒಂದೇ ದಾರಿಯಿಲ್ಲ ಎಂದಾಯಿತು. ಜಾತಕದವರು ನೆಮ್ಮದಿಯಾಗಿರಬಹುದು.

ನನಗೆ ಹಿಡಿಸಿದ್ದು 2024ರಲ್ಲಿ ಪ್ರಕಟವಾದ ಕೆಲಸ. ಕೊಲರಾಡೊ ವಿಶ್ವವಿದ್ಯಾಲಯದ ಜೋಯಿ ಡೊನಾಲ್ಡ್‌ಸನ್ ತಂಡದ್ದು. ವೋಲ್ ತನ್ನ ಜೊತೆಯನ್ನು ಸೇರಲು ಸನ್ನೆಗೋಲು ಒತ್ತಿ ಬಾಗಿಲು ತೆರೆಯಬೇಕು, ಇಲ್ಲವೇ ಬೇಲಿ ಹತ್ತಬೇಕು. ಬಾಗಿಲ ಆಚೆ ಸಂಗಾತಿ ಇದ್ದರೆ ಅಕಂಬೆನ್ಸ್‌ನಲ್ಲಿ ಡೋಪಮೈನ್ ಉಕ್ಕುತ್ತದೆ, ಅಪರಿಚಿತ ಇದ್ದರೆ ಅಷ್ಟಿಲ್ಲ. ಆಮೇಲೆ ಜೋಡಿಯನ್ನು 4 ವಾರ ಅಗಲಿಸಿದರು. ಮತ್ತೆ ಒಟ್ಟಿಗೆ ಬಿಟ್ಟಾಗ ಗುರುತು ಉಳಿದಿತ್ತು, ಆ ವಿಶೇಷ ಉಕ್ಕು ಮಾತ್ರ ಹೆಚ್ಚುಕಡಿಮೆ ಇಂಗಿಹೋಗಿತ್ತು. ಕೆಲವರಿಗೆ ಇದು ಬೇಸರದ ಸುದ್ದಿ. ನನಗೆ ಹಾಗನ್ನಿಸುವುದಿಲ್ಲ, ಜೊತೆ ಸತ್ತ ವೋಲ್ ಉಳಿದ ಆಯುಷ್ಯವನ್ನೆಲ್ಲ ಕಾಯುತ್ತಾ ಕಳೆಯಬೇಕಿಲ್ಲವಲ್ಲ.

ಬಸವನ ಬಾಯಿಂದ ನೀರು ಬೀಳುವ ಜಾಗ ಬಂತು. ಇಲ್ಲಿ ಶಬ್ದ ಜಾಸ್ತಿ, ನನ್ನ ಮಾತು ಕೇಳಿಸುವುದಿಲ್ಲ, ದೃಶ್ಯ ನೋಡಿ.