ನಾಲ್ಕು ಎಕರೆಯ ಲೂಪಿನ್

ಕೇಳುಗರೇ, ನಮಸ್ಕಾರ.

ತೊಗರಿ ಹೂವನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಅದರ ಆಕಾರ ಗೊತ್ತು. ಹಿಂದೆ ಎತ್ತಿ ನಿಂತ ಅಗಲವಾದ ಎಸಳು, ಅಕ್ಕಪಕ್ಕ ರೆಕ್ಕೆಯಂಥ ಎರಡು, ನಡುವೆ ದೋಣಿಯಂತೆ ಕೂಡಿಕೊಂಡ ಇನ್ನೆರಡು. ಇದೇ ಆಕಾರದ ನಸುಗೆಂಪು, ಬಿಳಿ ಹೂಗಳನ್ನು ಗೊಂಚಲಾಗಿ ಬಿಡುವ ಒಂದು ಗಿಡವಿದೆ. ಗೇಣುದ್ದವೂ ಬೆಳೆಯದು, ಎಲೆಯ ತುಂಬ ರೇಷ್ಮೆಯಂಥ ರೋಮ. ಹೆಸರು ಲ್ಯಾಸಿಕ್ಸ್ ಲೂಪಿನ್. ತೊಗರಿ, ಅವರೆಗಳ ದೂರದ ನೆಂಟ.

ಅಮೆರಿಕದ ಕ್ಯಾಲಿಫೋರ್ನಿಯಾದ ವಾಯವ್ಯದಲ್ಲಿ, ಸಿಕ್ಸ್ ರಿವರ್ಸ್ ರಾಷ್ಟ್ರೀಯ ಅರಣ್ಯದೊಳಗೆ ಲ್ಯಾಸಿಕ್ಸ್ ಎಂಬ ಪುಟ್ಟ ಬೆಟ್ಟಗಳಿವೆ. ಸುಮಾರು 1,700 ಮೀಟರ್ ಎತ್ತರದ ಆ ಇಳಿಜಾರುಗಳನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಈ ಗಿಡ ತಾನಾಗಿ ಬೆಳೆಯುವುದಿಲ್ಲ. ಎರಡೇ ತಾಣಗಳು. ಎಲ್ಲ ಸೇರಿ ಸುಮಾರು 4 ಎಕರೆ. ನಮ್ಮಲ್ಲಿ ಸಣ್ಣ ರೈತನೊಬ್ಬನ ಹಿಡುವಳಿಯಷ್ಟು ನೆಲ! 1983ರಲ್ಲಿ ಇದಕ್ಕೆ ಸಸ್ಯಶಾಸ್ತ್ರಜ್ಞ ಲಿಂಕನ್ ಕಾನ್‌ಸ್ಟನ್ಸ್ ಅವರ ಗೌರವಾರ್ಥ ವೈಜ್ಞಾನಿಕ ಹೆಸರಿಟ್ಟರು.

ಅಲ್ಲಿನ ನೆಲದಲ್ಲಿ ಹಸಿರು ಛಾಯೆಯ ಸರ್ಪೆಂಟೈನ್ ಕಲ್ಲಿನ ಪುಡಿ ತುಂಬಿದೆ. ಕ್ಯಾಲ್ಸಿಯಂ ಕಡಿಮೆ, ಮೆಗ್ನೀಸಿಯಂ ವಿಪರೀತ, ಜೊತೆಗೆ ನಿಕ್ಕಲ್. ಬಹಳಷ್ಟು ಗಿಡಗಳಿಗೆ ಅದು ವಿಷದ ನೆಲ. ಯಾರೂ ಬಯಸದ ಆ ಬೋಳು ಜಾಗವನ್ನೇ ಲೂಪಿನ್ ಮನೆ ಮಾಡಿಕೊಂಡಿತು. ಬಿಸಿಲಿಗೆ ಅಡ್ಡ ಬರುವವರು ಅಲ್ಲಿ ಇರಲಿಲ್ಲ.

ಕಾಡಿನ ಬೆಂಕಿಯನ್ನು ಹತ್ತಿದ ಕೂಡಲೇ ಆರಿಸುವುದು ಅಲ್ಲಿನ ಅರಣ್ಯ ಇಲಾಖೆಯ ದಶಕಗಳ ಪದ್ಧತಿ. ಉದ್ದೇಶ ಕಾಡನ್ನು ಕಾಯುವುದೇ. ಆದರೆ ಹಿಂದೆ ಆಗಾಗ ಬೆಂಕಿ ಹಾಯ್ದು ತೆರವಾಗುತ್ತಿದ್ದ ಅಂಚುಗಳಲ್ಲಿ ಪೊದೆಗಳೂ ಮರಗಳೂ ದಟ್ಟವಾಗಿ ಬೋಳು ಇಳಿಜಾರಿನತ್ತ ಸರಿದವು. ಪೊದೆಯ ಮರೆ ಸಿಕ್ಕರೆ ಇಲಿಗಳಿಗೆ, ಪಟ್ಟೆ ಅಳಿಲುಗಳಿಗೆ ಧೈರ್ಯ. ಲೂಪಿನ್ ಬೀಜ ಅವುಗಳಿಗೆ ಹಬ್ಬದೂಟ. ಎಷ್ಟೋ ಗಿಡಗಳಲ್ಲಿ ಒಂದು ಬೀಜವೂ ಉಳಿಯದಂತಾಯಿತು. ಕಾಡನ್ನು ಕಾಯುವ ಕೈಯೇ ಅದರ ಅತಿ ಅಪರೂಪದ ಹೂವನ್ನು ಇಲಿಗಳ ಬಾಯಿಗೆ ಒಪ್ಪಿಸಿತಲ್ಲ ಎಂಬ ಸಂಕಟ ನನ್ನನ್ನು ಬಿಡುವುದಿಲ್ಲ. ಇದರ ಮೇಲೆ ಕರಗುವ ಹಿಮ, ಹೆಚ್ಚುವ ಬೇಸಗೆಯ ಬಿಸಿ.

2003ರಿಂದ ಅಲ್ಲಿ ಗಿಡಗಳ ಮೇಲೆ ತಂತಿಜಾಲರಿಯ ಪಂಜರ ಕವುಚುತ್ತಿದ್ದಾರೆ. 2023ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಇದನ್ನು ಅಳಿವಿನಂಚಿನ ಪ್ರಭೇದವೆಂದು ಪಟ್ಟಿಗೆ ಸೇರಿಸಿತು. ಪಟ್ಟಿಗಿಂತ ಆ ಪಂಜರದ ಮೇಲೆಯೇ ನನಗೆ ಹೆಚ್ಚು ನಂಬಿಕೆ. ಜನ ಬೆಟ್ಟ ಹತ್ತುತ್ತಾರೆ, ಒಂದೊಂದೇ ಗಿಡದ ಮುಂದೆ ಮಂಡಿಯೂರಿ ಜಾಲರಿ ಮುಚ್ಚುತ್ತಾರೆ. ಒಳಗೆ ಕಾಯಿ ಬಲಿಯುತ್ತದೆ, ಒಣಗುತ್ತದೆ, ಸಿಡಿಯುತ್ತದೆ. ಬೀಜ ಕಲ್ಲುಹರಳುಗಳ ನಡುವೆ ಉರುಳುತ್ತದೆ.

ನಮಸ್ಕಾರ.